ಹುಬ್ಬಳ್ಳಿ ರೇಖಾಂಶದ ಮೇಲೊಂದು ಸೋವಿಯತ್ ತೊಟ್ಟಿಲು

(ಧಾರವಾಡದಲ್ಲಿ ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಬಾಯಿಗೆ ಬಂದಂತೆ ಆಡಿದ್ದನ್ನು ಸ್ವಲ್ಪ ಒಪ್ಪ ಮಾಡಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಭಾಷಣ ಶುರುವಾಗುವಾಗ ಫೋನ್ ಒಳಗಿಡಿ ಅಂತಾರೆ. ನಾನು ಹೊರಗೆ ತೆಗೀರಿ ಅಂತೀನಿ. ಮ್ಯಾಪ್ ತೆರೆದು ನೀವು ಕೂತಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು 15 ಚಿಲ್ಲರೆ, ಅದು ಅಕ್ಷಾಂಶ. ಎರಡನೆಯದು 75.0 ಅಂತ ಶುರುವಾಗುತ್ತದೆ, ಅದು ರೇಖಾಂಶ. ಹುಬ್ಬಳ್ಳಿಗೆ ಹೋದರೆ ಅದೇ 75.1 ಆಗುತ್ತದೆ. ಈ 75.1ನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈವತ್ತಿನ ಕಥೆಯೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಅನ್ನುವುದೂ ತಪ್ಪು, ತೂಗುತ್ತದೆ.

ಕಥೆ ಶುರುವಾಗುವುದು ಮಾತ್ರ ಬಹಳ ದೂರದಲ್ಲಿ. ಸೈಬೀರಿಯಾದಲ್ಲಿ ಯೆನಿಸೇ ಅಂತ ಒಂದು ದೊಡ್ಡ ನದಿ. ಅದರ ದಂಡೆಯ ಮೇಲೆ ಒಂದು ಊರಿತ್ತು, ಭೂಪಟದಲ್ಲಿ ಇರಲಿಲ್ಲ. ಹೆಸರು ಕ್ರಾಸ್ನೊಯಾರ್ಸ್ಕ್-26. ಊರಿಗೆ ಪಿನ್‌ಕೋಡಿನ ಥರ ಒಂದು ನಂಬರ್ ಇಟ್ಟು ಬಿಟ್ಟಿದ್ದರು, ಅಷ್ಟು ಗುಟ್ಟು. ಈಗ ಅದನ್ನು ಝೆಲೆಝ್ನೊಗೊರ್ಸ್ಕ್ ಅಂತಾರೆ. ಅಲ್ಲಿ ಮಿಖಾಯಿಲ್ ರೆಶೆತ್ನೆವ್ ಅನ್ನುವವರ ಕೈಕೆಳಗೆ ಸೋವಿಯತ್ ಒಕ್ಕೂಟದ ಸಂಪರ್ಕ ಉಪಗ್ರಹಗಳು ತಯಾರಾಗುತ್ತಿದ್ದವು. ಉಪಗ್ರಹಗಳಿಗೆ ಇಟ್ಟ ಹೆಸರು ಮಾತ್ರ ಚೆಂದ. ಮೊಲ್ನಿಯಾ ಅಂದರೆ ಮಿಂಚು. ರಾದುಗಾ ಅಂದರೆ ಕಾಮನಬಿಲ್ಲು. ಗೊರಿಝೋಂತ್ ಅಂದರೆ ದಿಗಂತ. ಎಕ್ರಾನ್ ಅಂದರೆ ತೆರೆ, ಸಿನಿಮಾ ತೆರೆ ಅಂತೀವಲ್ಲ, ಅದು.

ಇದರಲ್ಲಿ ಮೊದಲು ಹಾರಿದ್ದು ಮಿಂಚು, 1965ರ ಏಪ್ರಿಲ್ 23ಕ್ಕೆ. ಅಮೆರಿಕದವರು ಅಷ್ಟೊತ್ತಿಗಾಗಲೇ ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದ ಕಕ್ಷೆಗೆ ಉಪಗ್ರಹ ಕಳಿಸಿದ್ದರು. ಆ ಎತ್ತರದಲ್ಲಿ ಉಪಗ್ರಹ ಒಂದು ಸುತ್ತು ಬರುವ ಹೊತ್ತಿಗೆ ಭೂಮಿಯೂ ಒಂದು ಸುತ್ತು ತಿರುಗಿರುತ್ತದೆ. ಹಾಗಾಗಿ ಕೆಳಗಿಂದ ನೋಡಿದರೆ ಅದು ಆಕಾಶದಲ್ಲಿ ಒಂದೇ ಕಡೆ ಗೂಟ ಹೊಡೆದ ಹಾಗೆ ಕಾಣುತ್ತದೆ. ಭೂಸ್ಥಿರ ಕಕ್ಷೆ. ನಿಮ್ಮ ಮನೆ ಮೇಲಿನ ಡಿಶ್ ಒಂದೇ ಕಡೆ ಮುಖ ಮಾಡಿ ಕೂತಿರುತ್ತದಲ್ಲ, ಅದಕ್ಕೇ.

ಸೋವಿಯತ್‌ನವರು ಮೊದಲು ಅಲ್ಲಿಗೆ ಯಾಕೆ ಹೋಗಲಿಲ್ಲ? ಅವರ ದೇಶ ಇದ್ದದ್ದು ತೀರಾ ಉತ್ತರಕ್ಕೆ. ಅಲ್ಲಿಂದ ನೋಡಿದರೆ ಸಮಭಾಜಕದ ಮೇಲಿನ ಉಪಗ್ರಹ ದಕ್ಷಿಣದಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಎದುರಿಗೊಂದು ಗುಡ್ಡ ಇದ್ದರೆ ಮುಗಿಯಿತು. 81 ಡಿಗ್ರಿ ಅಕ್ಷಾಂಶ ದಾಟಿದರೆ ಕಾಣುವುದೇ ಇಲ್ಲ. ಅದಕ್ಕೆ ಅವರು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆ ಹಿಡಿದರು. ಒಂದು ತುದಿ ಭೂಮಿಯ ಹತ್ತಿರ, ಇನ್ನೊಂದು ತುದಿ ಉತ್ತರ ಗೋಳದ ಮೇಲೆ 40,000 ಕಿಲೋಮೀಟರ್ ದೂರ. ದೂರದ ತುದಿಯಲ್ಲಿ ಉಪಗ್ರಹ ನಿಧಾನವಾಗುತ್ತದೆ, 12 ಗಂಟೆಯ ಸುತ್ತಿನಲ್ಲಿ ಎಂಟು ಗಂಟೆ ಸೈಬೀರಿಯಾದ ಆಕಾಶದಲ್ಲೇ ಕಾಲ ಕಳೆಯುತ್ತದೆ. ಅದು ಮುಳುಗುವಾಗ ಮುಂದಿನದು ಬರುತ್ತದೆ. ಒಳ್ಳೆ ಪಾಳಿ ಕೆಲಸ. 1967ರಲ್ಲಿ, ಅಕ್ಟೋಬರ್ ಕ್ರಾಂತಿಯ 50ನೇ ವರ್ಷಕ್ಕೆ, ಒರ್ಬಿತಾ ಅನ್ನುವ ಭೂಕೇಂದ್ರಗಳ ಜಾಲ ಶುರುವಾಗಿ ಮಾಸ್ಕೋದ ಟಿವಿ ದೇಶದ ಪೂರ್ವದ ತುದಿಯವರೆಗೆ ಹೋಯಿತು. ತೊಂದರೆ ಏನೆಂದರೆ ಒಂದೊಂದು ಕೇಂದ್ರಕ್ಕೂ 12 ಮೀಟರ್ ಅಗಲದ ತಿರುಗುವ ಡಿಶ್ ಬೇಕಿತ್ತು. ಸಣ್ಣ ಹಳ್ಳಿಗೆ, ಗಣಿ ಕಾರ್ಮಿಕರ ಕ್ಯಾಂಪಿಗೆ ಅದನ್ನು ಎಲ್ಲಿಂದ ತರುವುದು?

ಈಗ ಒಂದು ಸಣ್ಣ ಸುತ್ತು ಹೊಡೆದು ನಮ್ಮ ಕಡೆ ಬರುತ್ತೇನೆ, ಯಾಕೆಂದರೆ ಅದೇ ಹೊತ್ತಿಗೆ ನಮ್ಮಲ್ಲೂ ಇದೇ ಪ್ರಶ್ನೆ ಇತ್ತು. ಇಲ್ಲಿ ಕೂತಿರುವ ಹಿರಿಯರಲ್ಲಿ ಯಾರಾದರೂ ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆಯವರು ಇದ್ದರೆ ನೆನಪಿರಬಹುದು. 1975ರ ಆಗಸ್ಟ್‌ನಿಂದ ಒಂದು ವರ್ಷ ಆ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಬಂದಿತ್ತು. ಸೈಟ್ (SITE) ಅಂತ ಅದರ ಹೆಸರು, ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಹೇಳುವ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ತಂದ ಹಾಗೆ. ಆರು ರಾಜ್ಯಗಳ 2,400 ಹಳ್ಳಿ. ಕೋಳಿ ಗೂಡಿಗೆ ಹಾಕುವ ತಂತಿ ಬಲೆಯಂಥದ್ದನ್ನೇ ಬಿಗಿದು ಮಾಡಿದ ಹತ್ತು ಅಡಿಯ ಡಿಶ್, ಅದರ ಕೆಳಗೆ ಊರಿಗೊಂದು ಟಿವಿ. (ಮುಂದಿನ ಸಾಲಿನಿಂದ ಒಬ್ಬ ಅಜ್ಜ ಕೈ ಎತ್ತಿದರು. “ನಮ್ಮೂರ ಸಾಲಿಯೊಳಗ ಇತ್ತು ಸರ್. ಟಿವಿ ನೋಡೋಕಿಂತ ಆ ಛತ್ರಿ ನೋಡೋಕ ಜಾಸ್ತಿ ಮಂದಿ ಬರ್ತಿದ್ರು.” ಆಮೇಲೆ ನಾನು ಎರಡು ನಿಮಿಷ ಸುಮ್ನೆ ಕೂತು ಅವರ ಮಾತು ಕೇಳಿದೆ. ಅದನ್ನೆಲ್ಲ ಇಲ್ಲಿ ಬರೆದರೆ ಅದೇ ಒಂದು ಲೇಖನ ಆಗುತ್ತದೆ.)

ವರ್ಷ ಮುಗಿಯಿತು. 1976ರ ಜುಲೈ 31ಕ್ಕೆ ಸೈಟ್ ನಿಂತಿತು. ಅದಾಗಿ ಮೂರು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 26ಕ್ಕೆ ಸೋವಿಯತ್‌ನವರು ಬೈಕನೂರಿನಿಂದ ಮೊದಲ ಎಕ್ರಾನ್ ಹಾರಿಸಿದರು. ಅದನ್ನು 99 ಡಿಗ್ರಿ ಪೂರ್ವದಲ್ಲಿ ನಿಲ್ಲಿಸಿದರು. ಅದರ ಉಪಾಯ ನಮ್ಮ ಸೈಟ್‌ನದೇ: ಕೆಳಗಿನ ಡಿಶ್ ಸಣ್ಣದಾಗಬೇಕಾದರೆ ಮೇಲಿನ ಉಪಗ್ರಹ ಗಟ್ಟಿಯಾಗಿ ಕೂಗಬೇಕು. ಎಕ್ರಾನ್ 200 ವ್ಯಾಟ್‌ನಲ್ಲಿ ಕೂಗುತ್ತಿತ್ತು. ಆ ಕಾಲದ ಹೆಚ್ಚಿನ ಉಪಗ್ರಹಗಳ ಒಂದು ಚಾನೆಲ್‌ಗೆ ಹತ್ತೋ ಇಪ್ಪತ್ತೋ ವ್ಯಾಟ್ ಸಿಕ್ಕಿದರೆ ಪುಣ್ಯ. ತರಂಗ ಕೂಡ 714 ಮೆಗಾಹರ್ಟ್ಸ್ ಆಸುಪಾಸು, ಅಂದರೆ ಮಾಮೂಲಿ ಟಿವಿಯ ಯುಎಚ್‌ಎಫ್ ಪಟ್ಟಿ. ಡಿಶ್ಶೇ ಬೇಡ, ಹಿಂದೆ ನಮ್ಮ ಮನೆಗಳ ಮೇಲೆ ಮೀನಿನ ಮುಳ್ಳಿನ ಹಾಗೆ ಇರುತ್ತಿತ್ತಲ್ಲ ಆಂಟೆನಾ, ಅದನ್ನೇ ನಾಲ್ಕಾರು ಜೋಡಿಸಿದರೆ ಸೈಬೀರಿಯಾದ ಹಳ್ಳಿಯಲ್ಲಿ ಮಾಸ್ಕೋ ಕಾಣುತ್ತಿತ್ತು. ರಾದುಗಾ ಅದಕ್ಕೂ ಮೊದಲೇ, 1975ರ ಡಿಸೆಂಬರ್‌ನಲ್ಲಿ ಹೋಗಿತ್ತು. ಗೊರಿಝೋಂತ್ 1978ರ ಡಿಸೆಂಬರ್‌ನಲ್ಲಿ ಶುರುವಾಯಿತು, 1980ರ ಮಾಸ್ಕೋ ಒಲಿಂಪಿಕ್ಸ್ ಜಗತ್ತಿಗೆ ತೋರಿಸುವ ಅವಸರ ಅದರ ಹಿಂದೆ ಇತ್ತು.

ಒಂದೊಂದೂ ಸುಮಾರು 2 ಟನ್. ಸೋವಿಯತ್ ಉಪಗ್ರಹಗಳ ಒಳಗೆ ಒಂದು ವಿಚಿತ್ರ ಇತ್ತು, ನನಗಂತೂ ಬಹಳ ಇಷ್ಟ ಅದು. ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ಗಾಳಿಯಾಡದ ದೊಡ್ಡ ಡಬ್ಬಿಯಲ್ಲಿಟ್ಟು ಒಳಗೆ ಅನಿಲ ತುಂಬಿ ಫ್ಯಾನ್ ಹಾಕುತ್ತಿದ್ದರು. ಹೌದು, ಬಾಹ್ಯಾಕಾಶದಲ್ಲಿ ಫ್ಯಾನ್. ಅಮೆರಿಕದವರು ಬಿಡಿಭಾಗಗಳನ್ನು ನಿರ್ವಾತದಲ್ಲೇ ಬದುಕುವ ಹಾಗೆ ಮಾಡಲು ಒದ್ದಾಡುತ್ತಿದ್ದಾಗ ಇವರು ನೆಲದ ಮೇಲೆ ಓಡುವ ಯಂತ್ರವನ್ನೇ ನೆಲದ ಗಾಳಿಯ ಸಮೇತ ಕಟ್ಟಿ ಕಳಿಸಿದರು. ಸಲೀಸು, ಗಟ್ಟಿ, ಭಾರ. ಡಬ್ಬಿಗೆ ಒಂದು ಸಣ್ಣ ತೂತು ಬಿದ್ದರೆ ಅನಿಲ ಸೋರಿ, ಫ್ಯಾನಿಗೆ ಬೀಸಲು ಏನೂ ಇಲ್ಲದೆ, ಒಳಗಿನದೆಲ್ಲ ಕಾದು ಸಾಯುತ್ತಿತ್ತು. ಆಯಸ್ಸು ಕಡಿಮೆ. ಒಂದು ಹೋದರೆ ಇನ್ನೊಂದು ಕಳಿಸುತ್ತಿದ್ದರು. ಅದಕ್ಕೇ ಅಷ್ಟೊಂದು ಇವೆ: ಗೊರಿಝೋಂತ್ ಒಂದೇ 30ಕ್ಕೂ ಜಾಸ್ತಿ.

ಇವು ನಮಗೆ ಪರಕೀಯ ಅಂತ ತಿಳಿಯಬೇಡಿ. ಒಕ್ಕೂಟ 1991ರ ಕೊನೆಗೆ ಮುರಿದ ಮೇಲೆ ರಷ್ಯಾಕ್ಕೆ ಡಾಲರ್ ಬೇಕಿತ್ತು, ನಮ್ಮ ದೇಶದಲ್ಲಿ ಖಾಸಗಿ ಚಾನೆಲ್ ಮಾಡುವವರಿಗೆ ಅಗ್ಗದ ಉಪಗ್ರಹ ಬೇಕಿತ್ತು. ಎಟಿಎನ್, ಸನ್ ಟಿವಿ, ಏಷ್ಯಾನೆಟ್ ಇವೆಲ್ಲ ಶುರುವಿನಲ್ಲಿ ಹತ್ತಿ ಬಂದದ್ದು ರಷ್ಯಾದ ಉಪಗ್ರಹಗಳನ್ನೇ. ನಾನು ಆಗ ಬೆಂಗಳೂರಿನಲ್ಲಿದ್ದೆ. ನಮ್ಮ ಬೀದಿಯ ಕೇಬಲ್ ಹುಡುಗ ತಾರಸಿ ಮೇಲೆ ಎರಡು ದೊಡ್ಡ ಡಿಶ್ ಇಟ್ಟಿದ್ದ. ಒಂದನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಇನ್ನೊಂದನ್ನು ದಿನಾ ಸಂಜೆ ಹೋಗಿ ಜಗ್ಗುತ್ತಿದ್ದ. ಎದುರು ಮನೆಯ ಚೇಚಿ ಹೊರಗೆ ಬಂದು “ಏನಪ್ಪಾ, ಈವತ್ತೂ ಬರೀ ಮಳೆ!” ಅಂತ ಕೂಗುವುದು, ಇವನು ಮೇಲಿಂದ “ಸ್ವಲ್ಪ ಇರಿ ಅಕ್ಕಾ, ರಷ್ಯಾ ಜಾರಿದೆ” ಅನ್ನುವುದು. ರಷ್ಯಾ ಜಾರಿದೆ! ನಾವೆಲ್ಲ ನಗುತ್ತಿದ್ದೆವು. ಹತ್ತು ವರ್ಷ ಬಿಟ್ಟು ಕಕ್ಷೆಗಳ ಬಗ್ಗೆ ಓದುವಾಗ ಗೊತ್ತಾಯಿತು, ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಉಪಗ್ರಹ ಜಾರುತ್ತಲೇ ಇತ್ತು.

ಯಾಕೆ ಅಂತ ಹೇಳುತ್ತೇನೆ. ಭೂಸ್ಥಿರ ಅಂತ ಹೆಸರಿದೆಯೇ ಹೊರತು ಅಲ್ಲಿ ಯಾವುದೂ ತಾನಾಗಿ ಸ್ಥಿರವಲ್ಲ. ಎರಡು ಕಾಟ ಇವೆ. ಒಂದು ಸೂರ್ಯ ಚಂದ್ರರದ್ದು. ಅವು ಕಕ್ಷೆಯನ್ನು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಓರೆ ಮಾಡುತ್ತವೆ. ಕಕ್ಷೆ ಓರೆಯಾದರೆ ಉಪಗ್ರಹ ಒಂದೇ ಕಡೆ ನಿಲ್ಲುವುದಿಲ್ಲ, ದಿನಕ್ಕೊಂದು ಸಲ ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬರುತ್ತದೆ, ಆಕಾಶದಲ್ಲಿ ಇಂಗ್ಲಿಷಿನ 8 ಬರೆಯುತ್ತದೆ. ಇದನ್ನು ತಡೆಯಬಹುದು, ಆದರೆ ದುಬಾರಿ. ಉಪಗ್ರಹದ ಇಂಧನದ ಬಹುಪಾಲು ಇದಕ್ಕೇ ಹೋಗುತ್ತದೆ. ಸೋವಿಯತ್‌ನವರು ಈ ಖರ್ಚು ಬೇಡವೆಂದರು. ಪೂರ್ವ ಪಶ್ಚಿಮ ಮಾತ್ರ ಹಿಡಿದಿಟ್ಟು ಉತ್ತರ ದಕ್ಷಿಣ ಅದರ ಪಾಡಿಗೆ ಬಿಟ್ಟರು. ಕೇಬಲ್ ಹುಡುಗ ಜಗ್ಗುತ್ತಿದ್ದದ್ದು ಈ 8ರ ಹಿಂದೆ.

ಈ ಓರೆ ಸುಮ್ಮನೆ ಬೆಳೆಯುತ್ತಾ ಹೋಗುವುದಿಲ್ಲ, ಅದೊಂದು ಚಂದ. ಸುಮಾರು 26 ವರ್ಷ ಬೆಳೆದು 15 ಡಿಗ್ರಿಗೆ ಮುಟ್ಟುತ್ತದೆ, ಆಮೇಲೆ ಇನ್ನು 26 ವರ್ಷ ಇಳಿದು ಮತ್ತೆ ಸಮಕ್ಕೆ ಬರುತ್ತದೆ. ಒಟ್ಟು 53 ವರ್ಷದ ಒಂದು ಸುತ್ತು. 1975ರಲ್ಲಿ ಹಾರಿದ್ದಕ್ಕೆ 2028ರ ಸುಮಾರಿಗೆ ಮೊದಲ ಸುತ್ತು ಮುಗಿಯುತ್ತದೆ, ಹುಟ್ಟಿದ ದಿನ ಹೇಗಿತ್ತೋ ಹೆಚ್ಚುಕಡಿಮೆ ಹಾಗೆ. ಅದನ್ನು ಕಳಿಸಿದ ದೇಶ ಮಾತ್ರ ಇಲ್ಲ.

ಎರಡನೇ ಕಾಟ ಭೂಮಿಯದೇ. ಇದೇ ಈವತ್ತಿನ ಮುಖ್ಯ ವಿಷಯ, ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಭೂಮಿ ದುಂಡಗಿಲ್ಲ, ಧ್ರುವಗಳಲ್ಲಿ ಚಪ್ಪಟೆ ಅಂತ ಶಾಲೆಯಲ್ಲಿ ಓದಿದ್ದೇವೆ. ಸಮಭಾಜಕವೂ ಸರಿಯಾದ ವೃತ್ತ ಅಲ್ಲ ಅನ್ನುವುದನ್ನು ಯಾರೂ ಹೇಳಿರಲಿಕ್ಕಿಲ್ಲ. ಅದೂ ಕೊಂಚ ಮೊಟ್ಟೆಯೇ. ಉದ್ದದ ಕಡೆಗೂ ಗಿಡ್ಡ ಕಡೆಗೂ ವ್ಯತ್ಯಾಸ ಸುಮಾರು 70 ಮೀಟರ್. 6,378 ಕಿಲೋಮೀಟರಿನಲ್ಲಿ 70 ಮೀಟರ್ ಅಂದರೆ ಏನೂ ಅಲ್ಲ. ರೊಟ್ಟಿ ತಟ್ಟುವವರಿಗೆ ಅಷ್ಟು ದುಂಡಗೆ ಬಂದರೆ ಊರೆಲ್ಲ ತೋರಿಸಿಕೊಂಡು ಬರ್ತಾರೆ. ಆದರೆ ಮೇಲೆ ಗಾಳಿಯಿಲ್ಲ, ತಡೆಯಿಲ್ಲ, ಹಾಗಾಗಿ ಈ ಏನೂ ಅಲ್ಲದ್ದೇ ದೊಡ್ಡದಾಗುತ್ತದೆ. ಸಮಭಾಜಕದ ಉಬ್ಬು ಎರಡು ಕಡೆ ಇದೆ: ಒಂದು ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿ, ಇನ್ನೊಂದು ಅದರ ಎದುರಿಗೆ ಪೆಸಿಫಿಕ್‌ನಲ್ಲಿ. ಇವೆರಡರ ನಡುವೆ ಎರಡು ತಗ್ಗು. ಒಂದು ತಗ್ಗು ಅಮೆರಿಕದ ಕಡೆ 105 ಡಿಗ್ರಿ ಪಶ್ಚಿಮಕ್ಕೆ. ಇನ್ನೊಂದು ನಮ್ಮ ಕಡೆ, ಹಿಂದೂ ಮಹಾಸಾಗರದಲ್ಲಿ, 75.1 ಡಿಗ್ರಿ ಪೂರ್ವಕ್ಕೆ.

(ಇಲ್ಲಿ ಹಿಂದಿನ ಸಾಲಿನಲ್ಲಿ ಯಾರೋ “ಹುಬ್ಬಳ್ಳಿ!” ಅಂದರು. ಅದಕ್ಕೇ ನಾನು ಕಾಯುತ್ತಿದ್ದೆ.)

ಈಗ ಉಪಗ್ರಹವೊಂದನ್ನು 90 ಡಿಗ್ರಿಯಲ್ಲಿ, ಬಾಂಗ್ಲಾದೇಶದ ರೇಖಾಂಶದಲ್ಲಿ, ಬಿಡೋಣ. ಪೆಸಿಫಿಕ್‌ನ ಉಬ್ಬು ಅದಕ್ಕೆ ಹತ್ತಿರ, ಅಟ್ಲಾಂಟಿಕ್‌ನದು ದೂರ. ಹತ್ತಿರದ ಉಬ್ಬು ಅದನ್ನು ಪೂರ್ವಕ್ಕೆ ಎಳೆಯುತ್ತದೆ. ಹಾಗಾದರೆ ಉಪಗ್ರಹ ಯಾವ ಕಡೆ ಹೋಗಬೇಕು? ಕೈ ಎತ್ತಿ. ಪೂರ್ವಕ್ಕೆ ಅನ್ನುವವರು? ಎಲ್ಲರೂ ಪೂರ್ವವೇ. ಸರಿ, ಅದು ಪಶ್ಚಿಮಕ್ಕೆ ಹೋಗುತ್ತದೆ.

ಯಾಕೆ ಅಂದರೆ ಹಂತಿ ನೆನಪು ಮಾಡಿಕೊಳ್ಳಿ. ಕಣದ ನಡುವೆ ಮೇಟಿ, ಅದರ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳು. ಒಳಗಿನ ಎತ್ತು ಸಣ್ಣ ಸುತ್ತು ಬರುತ್ತದೆ, ಹೊರಗಿನದು ದೊಡ್ಡ ಸುತ್ತು. ಹಗ್ಗ ಇರುವುದರಿಂದ ಎಲ್ಲ ಒಟ್ಟಿಗೆ ತಿರುಗುತ್ತವೆ. ಹಗ್ಗ ಬಿಚ್ಚಿ ನೋಡಿ, ಹೊರಗಿನದು ಹಿಂದೆ ಬೀಳುತ್ತದೆ. ಕಕ್ಷೆಯಲ್ಲಿ ಹಗ್ಗ ಇಲ್ಲ. ಅಲ್ಲಿ ನೀವು ಉಪಗ್ರಹವನ್ನು ಮುಂದಕ್ಕೆ ಎಳೆದರೆ ಅದರ ಶಕ್ತಿ ಜಾಸ್ತಿಯಾಗಿ ಹೊರಗಿನ ಸುತ್ತಿಗೆ ಏರುತ್ತದೆ. ಹೊರಗಿನ ಸುತ್ತು ದೊಡ್ಡದು, ಮೇಲಾಗಿ ಅಲ್ಲಿ ನಡಿಗೆಯೂ ನಿಧಾನ. ಕೆಳಗೆ ಭೂಮಿ ಮಾತ್ರ ಮೊದಲಿನ ವೇಗದಲ್ಲೇ ತಿರುಗುತ್ತಿರುತ್ತದೆ. ಹಾಗಾಗಿ ಮುಂದೆ ಎಳೆಸಿಕೊಂಡ ಉಪಗ್ರಹ ಹಿಂದೆ ಬೀಳುತ್ತದೆ. ಪೂರ್ವಕ್ಕೆ ಎಳೆದರೆ ಪಶ್ಚಿಮಕ್ಕೆ, ಪಶ್ಚಿಮಕ್ಕೆ ಎಳೆದರೆ ಪೂರ್ವಕ್ಕೆ. ಮೊಂಡು ಮಗುವಿನ ಹಾಗೆ. ಈ ಮೊಂಡುತನದಿಂದಲೇ ಉಪಗ್ರಹಗಳು ಉಬ್ಬಿನಿಂದ ದೂರ ಓಡಿ ತಗ್ಗಿನ ಕಡೆ ಬರುತ್ತವೆ. ಬಂದ ಮೇಲೆ ನಿಲ್ಲುತ್ತವೆಯೇ? ಇಲ್ಲ, ನಿಲ್ಲಿಸಲು ಅಲ್ಲಿ ಗಾಳಿ ಇಲ್ಲ, ಗೋಡೆ ಇಲ್ಲ. ತಗ್ಗು ದಾಟಿ ಆ ಕಡೆ ಹೋಗುತ್ತವೆ, ಅಲ್ಲಿ ಇನ್ನೊಂದು ಉಬ್ಬು ಹಿಂದಕ್ಕೆ ತಿರುಗಿಸುತ್ತದೆ. ತೊಟ್ಟಿಲು.

99 ಡಿಗ್ರಿಯಲ್ಲಿ ಅಲುಗಾಡದೆ ಸತ್ತ ಎಕ್ರಾನ್ ಒಂದು ಇದೆ ಅಂದುಕೊಳ್ಳಿ. ಅದು 75ನ್ನು ದಾಟಿ, ಆ ಕಡೆಯೂ ಸುಮಾರು ಅಷ್ಟೇ ದೂರ, 51ರ ತನಕ ಹೋಗಿ ಮತ್ತೆ ವಾಪಸ್ 99ಕ್ಕೆ ಬರುತ್ತದೆ. ಆ ಎತ್ತರದಲ್ಲಿ ಒಂದು ಡಿಗ್ರಿ ಅಂದರೆ 736 ಕಿಲೋಮೀಟರ್. ಹೋಗಿ ಬರಲು ಎರಡು ವರ್ಷಕ್ಕಿಂತ ಜಾಸ್ತಿ ಬೇಕು, ತೂಗು ದೊಡ್ಡದಾದಷ್ಟೂ ಇನ್ನೂ ನಿಧಾನ. ತೂಗುವ ಕೈ ಎಷ್ಟು ಮೆತ್ತಗಿದೆ ಗೊತ್ತಾ? ವರ್ಷವಿಡೀ ಬಿಡದೆ ಎಳೆದರೂ ವೇಗದಲ್ಲಿ ಆಗುವ ಬದಲಾವಣೆ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ. ಇಲ್ಲಿಂದ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವ ವೇಗ. ಅಷ್ಟೇ ಅದು. 2 ಟನ್ನಿನ ಕಬ್ಬಿಣ ಆ ಕೈಗೆ ಬಗ್ಗುತ್ತದೆ.

ಇಂಥ ಸತ್ತ ಉಪಗ್ರಹಗಳು ಮತ್ತು ರಾಕೆಟ್ ತುಣುಕುಗಳು ನಮ್ಮ ಈ ತಗ್ಗಿನ ಸುತ್ತ ನೂರಕ್ಕೂ ಜಾಸ್ತಿ ತೂಗುತ್ತಿವೆ. ದೊಡ್ಡ ಪಾಲು ಸೋವಿಯತ್ ಕಾಲದವು, ಯಾಕೆಂದರೆ ಅವರ ದೇಶ ಈ ತಗ್ಗಿನ ಉತ್ತರಕ್ಕೇ ಇತ್ತು, ಉಪಗ್ರಹಗಳನ್ನು ನಿಲ್ಲಿಸುತ್ತಿದ್ದದ್ದೂ 35, 53, 85, 90, 99 ಹೀಗೆ ಇದರ ಆಸುಪಾಸಿನಲ್ಲೇ. ಕೆಲಸ ಮುಗಿದ ಮೇಲೆ ಸುಮ್ನೆ ಸ್ವಿಚ್ ಆರಿಸಿದ ಹಾಗೆ ಬಿಟ್ಟರು. ಈಗಿನ ನಿಯಮ ಬೇರೆ. ಸಾಯುವ ಮೊದಲು ಸುಮಾರು 300 ಕಿಲೋಮೀಟರ್ ಮೇಲೆ ತಳ್ಳಬೇಕು, ಅದನ್ನು ಸ್ಮಶಾನ ಕಕ್ಷೆ ಅಂತಾರೆ. ಅದಕ್ಕೆ ಬೇಕಾದ ಇಂಧನದಲ್ಲಿ ಉಪಗ್ರಹವನ್ನು ಇನ್ನೊಂದು ಮೂರು ತಿಂಗಳು ದುಡಿಸಬಹುದು. ಅಂದರೆ ಮೂರು ತಿಂಗಳ ಸಂಪಾದನೆ ಬಿಡಬೇಕು. ಬಿಡಲು ಮನಸ್ಸು ಬರುವುದಿಲ್ಲ, ಅಲ್ವಾ? ನಮ್ಮ ಹಳ್ಳಿಗಳಿಗೆ ಟಿವಿ ತೋರಿಸಿದ ಎಟಿಎಸ್-6ನ್ನು 1979ರಲ್ಲಿ ಹೀಗೆ ಮೇಲೆ ತಳ್ಳಿಯೇ ಆರಿಸಿದರು. ಅದರ ಸೈಬೀರಿಯಾದ ತಮ್ಮಂದಿರಿಗೆ ಆ ಭಾಗ್ಯ ಇರಲಿಲ್ಲ.

ಸೋವಿಯತ್‌ನವರನ್ನೇ ಬೈಯುವುದು ಬೇಡ. ಆ ತಗ್ಗಿನಲ್ಲಿ ನಮ್ಮದೂ ಒಂದಿದೆ. ನಮ್ಮ ಮೊದಲ ಇನ್ಸಾಟ್, ಇನ್ಸಾಟ್-1ಎ. ಅಮೆರಿಕದಲ್ಲಿ ಕಟ್ಟಿಸಿ, 1982ರ ಏಪ್ರಿಲ್ 10ಕ್ಕೆ ಹಾರಿಸಿ 74 ಡಿಗ್ರಿಯಲ್ಲಿ ನಿಲ್ಲಿಸಿದ್ದು. ಅದಕ್ಕಾಗಿಯೇ ಹಾಸನದಲ್ಲಿ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಉಪಗ್ರಹವನ್ನು ನೆಲದಿಂದ ನಡೆಸುವ ಕೇಂದ್ರ, ಎದ್ದು ನಿಂತದ್ದು. ಏಳು ವರ್ಷ ಬಾಳಬೇಕಿದ್ದ ಉಪಗ್ರಹ ಶುರುವಿನಿಂದಲೂ ಕಾಯಿಲೆ. ಕೊನೆಗೆ ದಿಕ್ಕು ಹಿಡಿದಿಡುವ ಇಂಧನವೇ ಖಾಲಿಯಾಗಿ ಬೇಗ ಕೈಬಿಡಬೇಕಾಯಿತು. ಮೇಲೆ ತಳ್ಳಲು ಏನು ಉಳಿದಿತ್ತು ಅಲ್ಲಿ? ತೊಟ್ಟಿಲ ಮಧ್ಯಕ್ಕೆ ಒಂದೇ ಡಿಗ್ರಿ ದೂರದಲ್ಲಿ ಸತ್ತಿತು.

ಇನ್ನು ಅಪಾಯದ ವಿಷಯ. ಎಕ್ರಾನ್‌ಗಳಲ್ಲಿ ಎರಡನೆಯದು 1977ರಲ್ಲಿ ಹೋದದ್ದು, 1978ರ ಜೂನ್‌ನಲ್ಲಿ ಮೇಲೇ ಸಿಡಿಯಿತು. ನಿಕಲ್ ಹೈಡ್ರೋಜನ್ ಬ್ಯಾಟರಿ ಒಡೆದದ್ದು. ಭೂಸ್ಥಿರ ಕಕ್ಷೆಯಲ್ಲಿ ಗೊತ್ತಿರುವ ಮೊದಲ ಸ್ಫೋಟ ಅದು. ಗೊತ್ತಾದದ್ದು ಮಾತ್ರ 1992ರಲ್ಲಿ, ಒಕ್ಕೂಟ ಮುರಿದು ರಷ್ಯಾದವರು ಬಾಯಿಬಿಟ್ಟ ಮೇಲೆ! ಆ ಚೂರುಗಳೂ ಎಲ್ಲಿಗೆ ಹೋಗುತ್ತವೆ, ಇದೇ ತೊಟ್ಟಿಲಿಗೆ. ಓರೆ ಕಕ್ಷೆಯಲ್ಲಿ 8 ಬರೆಯುವ ಸತ್ತ ಉಪಗ್ರಹ ದಿನಕ್ಕೆ ಎರಡು ಸಲ ಸಮಭಾಜಕ ದಾಟುತ್ತದೆ, ಕೆಲಸ ಮಾಡುವ ಉಪಗ್ರಹಗಳು ಇರುವುದೆಲ್ಲ ಆ ಗೆರೆಯ ಮೇಲೇ. 15 ಡಿಗ್ರಿ ಓರೆಯಲ್ಲಿ ದಾಟುವ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 800 ಮೀಟರ್. ಬಂದೂಕಿನ ಗುಂಡಿನ ವೇಗ, ತೂಕ ಮಾತ್ರ 2 ಟನ್. ಭಾರತದ ಉಪಗ್ರಹಗಳು 74, 83, 93.5 ಡಿಗ್ರಿಗಳಲ್ಲಿ ಇರುತ್ತವೆ, ಅಂದರೆ ತೊಟ್ಟಿಲು ಓಡಾಡುವ ದಾರಿಯಲ್ಲೇ ನಮ್ಮ ಅಂಗಡಿ. ಯಾವುದು ಯಾವಾಗ ಎಷ್ಟು ಹತ್ತಿರ ಬರುತ್ತದೆ ಅಂತ ಲೆಕ್ಕ ಹಾಕುವುದು, ಬೇಕಾದರೆ ನಮ್ಮದನ್ನು ಸ್ವಲ್ಪ ಪಕ್ಕಕ್ಕೆ ಸರಿಸುವುದು ಈಗ ನಿತ್ಯದ ಕೆಲಸ. ಬೆಂಗಳೂರಿನ ಪೀಣ್ಯದಲ್ಲಿ ಇಸ್ರೋ 2022ರ ಜುಲೈನಲ್ಲಿ ಇದಕ್ಕೆಂದೇ ಒಂದು ಕೇಂದ್ರ ಶುರುಮಾಡಿತು.

ಕೆಳಗಿನ ಕಕ್ಷೆಯಲ್ಲಿ ಆದದ್ದು ನಿಮಗೆ ಗೊತ್ತಿರಬಹುದು. 2009ರ ಫೆಬ್ರವರಿ 10, ಸೈಬೀರಿಯಾದ ಮೇಲೆ 789 ಕಿಲೋಮೀಟರ್ ಎತ್ತರದಲ್ಲಿ ರಷ್ಯಾದ ಸತ್ತ ಕಾಸ್ಮಾಸ್-2251 ಮತ್ತು ಅಮೆರಿಕದ ಬದುಕಿದ್ದ ಇರಿಡಿಯಂ-33 ಒಂದಕ್ಕೊಂದು ಹೊಡೆದುಕೊಂಡವು. ಕಾಸ್ಮಾಸ್ ಕೂಡ ಸಂಪರ್ಕ ಉಪಗ್ರಹವೇ. ಅಷ್ಟು ಕೆಳಗಾದರೆ ತೆಳು ಗಾಳಿಯಾದರೂ ಇದೆ, ಚೂರುಗಳು ದಶಕಗಳಲ್ಲಿ ಒಂದೊಂದಾಗಿ ಬಿದ್ದು ಸುಟ್ಟುಹೋಗುತ್ತವೆ. 36 ಸಾವಿರ ಕಿಲೋಮೀಟರ್ ಮೇಲೆ ಆ ಗುಡಿಸುವವರೂ ಇಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡು ಮೂರು ಮಾತ್ರ ಬರೆಯುತ್ತೇನೆ.

ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸಂತೆ, ಕೇಳಿದಳು: “ಅದು ಯಾವತ್ತು ಬೀಳುತ್ತೆ ಸರ್?” ಬೀಳುವುದಿಲ್ಲ ಪುಟ್ಟಿ. ಮಿಂಚು ಉಪಗ್ರಹಗಳು ಬೀಳುತ್ತವೆ, ಯಾಕೆಂದರೆ ಅವುಗಳ ಕಕ್ಷೆಯ ಕೆಳತುದಿ ಸೂರ್ಯ ಚಂದ್ರರ ಎಳೆತಕ್ಕೆ ಏರಿಳಿದು ಒಂದು ದಿನ ಗಾಳಿಗೆ ತಾಗುತ್ತದೆ. ಇವು ಬೀಳುವುದಿಲ್ಲ. ಲಕ್ಷ ವರ್ಷ ಆದರೂ ಅಲ್ಲೇ ಇರುತ್ತವೆ. “ಅಂದ್ರೆ ಹಂಪಿಗಿಂತ ಜಾಸ್ತಿ ದಿನಾನಾ?” ಅಂದಳು. ಹೌದು, ಹಂಪಿಗಿಂತ ಬಹಳ ಜಾಸ್ತಿ. ಈ ಹೋಲಿಕೆ ನನಗೆ ಹೊಳೆದಿರಲಿಲ್ಲ.

ವಕೀಲರೊಬ್ಬರು ಒಳ್ಳೆ ಪ್ರಶ್ನೆ ಕೇಳಿದರು. ಒಕ್ಕೂಟವೇ ಇಲ್ಲ ಅಂದಮೇಲೆ ಉಪಗ್ರಹ ಯಾರ ಆಸ್ತಿ? ಯಾರು ಬೇಕಾದರೂ ಹಿಡಿದು ತರಬಹುದೇ? ಬರುವುದಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಎಂಟನೇ ವಿಧಿ ಪ್ರಕಾರ ಯಾವ ದೇಶದ ದಫ್ತರಿನಲ್ಲಿ ಅದರ ಹೆಸರಿದೆಯೋ ಅದರ ಹಿಡಿತವೇ ಅದರ ಮೇಲೆ, ಸತ್ತರೂ ಕೆಟ್ಟರೂ. ಒಕ್ಕೂಟದ ಹಕ್ಕು ಬಾಧ್ಯತೆಗಳಿಗೆ ಈಗ ರಷ್ಯಾ ವಾರಸುದಾರ. ಸಮುದ್ರದಲ್ಲಿ ಬಿಟ್ಟುಹೋದ ಹಡಗನ್ನು ಉಳಿಸಿ ತಂದವರಿಗೆ ಪಾಲು ಕೊಡುವ ಕಾಯ್ದೆ ಇದೆಯಲ್ಲ, ಮೇಲೆ ಅಂಥದ್ದಿಲ್ಲ. ಹಾನಿಯಾದರೆ ಕೇಳಬಹುದು, 1978ರಲ್ಲಿ ಕಾಸ್ಮಾಸ್-954 ಕೆನಡಾದ ಮೇಲೆ ವಿಕಿರಣ ಚೆಲ್ಲಿ ಬಿದ್ದಾಗ ಸೋವಿಯತ್‌ನವರು ಕೊನೆಗೆ 30 ಲಕ್ಷ ಕೆನಡಾ ಡಾಲರ್ ಕೊಟ್ಟರು. ಕೇಳಿದ್ದು 60 ಲಕ್ಷ. ವಕೀಲರು “ಚೌಕಾಸಿ ಮೇಲೂ ಬಿಟ್ಟಿಲ್ಲ” ಅಂತ ಕೂತರು.

ಕೊನೆಗೆ ಆ ಅಜ್ಜನೇ, ಸೈಟ್ ಟಿವಿ ನೋಡಿದವರು, ಕೇಳಿದರು: “ಅದು ಕಾಣ್ತದೇನ್ರಿ?”

ಕಾಣುತ್ತದೆ, ಬರಿಗಣ್ಣಿಗೆ ಅಲ್ಲ. ಎಂಟಿಂಚಿನ ದೂರದರ್ಶಕ ಸಾಕು. ಇಲ್ಲಿಂದ ನೇರ ದಕ್ಷಿಣಕ್ಕೆ ಮುಖ ಮಾಡಿ ನೆಲದಿಂದ 72 ಡಿಗ್ರಿ ಎತ್ತರಕ್ಕೆ ತಿರುಗಿಸಬೇಕು. ಅಂದರೆ ಕತ್ತು ನೋಯುವಷ್ಟು ಮೇಲೆ. ತೊಟ್ಟಿಲಿನ ಮಧ್ಯ ಅಲ್ಲಿದೆ. ದೂರದರ್ಶಕದ ಮೋಟಾರ್ ನಿಲ್ಲಿಸಿದರೆ ನಕ್ಷತ್ರಗಳು ಸರಿದು ಹೋಗುತ್ತವೆ, ಕೆಲಸ ಮಾಡುವ ಉಪಗ್ರಹ ಚುಕ್ಕಿಯಾಗಿ ಅಲ್ಲೇ ಇರುತ್ತದೆ. ಸತ್ತದ್ದು ಎರಡರ ಹಾಗೂ ಅಲ್ಲ, ನಿಧಾನವಾಗಿ ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತಿರುತ್ತದೆ. ಕೆಲವು ಪಲ್ಟಿ ಹೊಡೆಯುತ್ತಾ ಹೋಗುತ್ತವೆ, ಸೌರ ಫಲಕಕ್ಕೆ ಬಿಸಿಲು ತಾಗಿದಾಗ ಮಿಣಕ್ ಅನ್ನುತ್ತವೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸು ಅದಕ್ಕೆ ಒಳ್ಳೆ ಕಾಲ.

ಇನ್ನೊಂದು ಹೇಳಲೇಬೇಕು. ಓರೆ ಗರಿಷ್ಠ 15 ಡಿಗ್ರಿ ಅಂದೆನಲ್ಲ. ಹಾಗೆ ಪೂರ್ತಿ ಓರೆಯಾದ ಉಪಗ್ರಹ ತೊಟ್ಟಿಲಲ್ಲಿ ತೂಗುತ್ತಾ 75ಕ್ಕೆ ಬಂದ ದಿನ, ಅದು ಬರೆಯುವ 8ರ ಮೇಲಿನ ತುದಿ 15 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ ಆಗುತ್ತದೆ. ಶುರುವಿನಲ್ಲಿ ಫೋನ್ ತೋರಿಸಿದ ಎರಡು ಅಂಕಿ ನೋಡಿಕೊಳ್ಳಿ. ಹೆಚ್ಚುಕಡಿಮೆ ನೆತ್ತಿಯ ಮೇಲೆ. 1990ರ ದಶಕದ ಕೊನೆಗೆ ಹೋದವುಗಳ ಓರೆ ಈಗ ತುದಿ ಮುಟ್ಟುವ ಹೊತ್ತು.

ಅಜ್ಜ ಹೊರಗೆ ಬಂದು ಮೇಲೆ ನೋಡಿದರು. ಪೂರ್ತಿ ಮೋಡ. “ಇರ್ಲಿ ಬಿಡ್ರಿ, ಅದೇನು ಎಲ್ಲೂ ಹೋಗಂಗಿಲ್ಲಲ್ಲ” ಅಂದು ಗಿರ್ಮಿಟ್ ತಟ್ಟೆ ಕೈಗೆ ತೆಗೆದುಕೊಂಡರು.